ಹಸಿರು ಗಾಜಿನಲ್ಲಿ ಕೆಂಪು

"ನೀವು ಬೇರೆ ಕಡೆ ಹೆಣ್ಣು ನೋಡ್ಕೊಳ್ಳಿ," ಎಂದಳು ಬನಶಂಕರಿ.

ಬಣ್ಣ ಹಾಕಿದ ರೇಷ್ಮೆ ನೂಲಿನ ಲಡಿಗಳನ್ನು ಜಗಲಿಯ ಮೇಲೆ ಇಳಿಸುತ್ತಿದ್ದ ರಾಮಾಂಜಿನಪ್ಪನ ಕೈ ನಿಂತಿತು. ಹಿರಿಯರನ್ನು ಕರೆದುಕೊಂಡು ಬರ್ತೀನಿ ಎಂದು ಅವನು ಹೇಳಿದಾಗ, ಇದೇ ಜಗಲಿಯ ಮೇಲೆ ಅವಳು ಸೆರಗಿನ ಮರೆಯಲ್ಲಿ ನಕ್ಕಿದ್ದಳು.

ಯುದ್ಧ ಮುಗಿದ ವರ್ಷ ಅದು. ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಅವನು ಸಂಜೆ ಹೊತ್ತು ನೂಲು ತರುತ್ತಿದ್ದ. ಈ ಮನೆಗೆ ಮಾತ್ರ ತಲೆ ಬಾಚಿಕೊಂಡು ಬರುತ್ತಿದ್ದ.

"ನನ್ನಿಂದ ಏನು ತಪ್ಪಾಯ್ತು?"

"ನಿಮ್ಮದೇನಿಲ್ಲ. ನನ್ನ ಕಣ್ಣು ಹೋಗ್ತಿದೆ."

ಅವಳು ಒಳಗೆ ಕರೆದು ಮಗ್ಗದ ಮೇಲಿನ ಬಟ್ಟೆ ಸರಿಸಿದಳು. ಅರಿಶಿನ ಬಣ್ಣದ ಧಾರೆ ಸೀರೆ, ಕೆಂಪು ಸೆರಗು. ಆ ಕೆಂಪಿನ ನಡುವೆ ಗೇಣಗಲ ಕಪ್ಪು.

"ಪಕ್ಕದ ಮಗ್ಗದ ಕರಿ ನೂಲನ್ನ ನನ್ನ ಲಾಳಿಗೆ ಹಾಕ್ಕೊಂಡಿದೀನಿ. ಮದುವಣಗಿತ್ತಿ ಉಡೋ ಸೀರೆಗೆ ಕರಿ. ಬೆಳಗ್ಗೆ ನೋಡಿ ಅಪ್ಪ ಬೈಯಲೂ ಇಲ್ಲ. ಇನ್ನು ಮಗ್ಗಕ್ಕೆ ಇಳೀಬೇಡ ಅಂದ್ರು. ನಮ್ಮಜ್ಜಿಗೂ ಇರುಳುಗಣ್ಣು ಇತ್ತು. ಕಣ್ಣು ಕಾಣದೋಳನ್ನ ಕಟ್ಕೊಂಡು ಏನ್ಮಾಡ್ತೀರಿ?"

ಅವನು ಮಗ್ಗದ ಕಂಬ ನೋಡಿದ. ಮೊಳೆಯಲ್ಲಿ ಹಸಿರು ಗಾಜಿನ ಕನ್ನಡಕ ತೂಗುತ್ತಿತ್ತು. ಮಧ್ಯಾಹ್ನದ ಬಿಸಿಲು ಜರಿಗೆ ಬಿದ್ದು ಕಣ್ಣಲ್ಲಿ ನೀರು ಬರುತ್ತೆ ಎಂದಿದ್ದಳೆಂದು ಅವನೇ ಬೆಂಗಳೂರಿನ ದಂಡು ಪ್ರದೇಶದ ಅಂಗಡಿಯಿಂದ ತಂದುಕೊಟ್ಟದ್ದು.

"ನಿನ್ನೆ ನೇಯೋವಾಗ ಇದು ಹಾಕ್ಕೊಂಡಿದ್ಯಾ?"

"ನೀವೇ ಹೇಳಿದ್ರಲ್ಲ, ನಾನು ಬರೋ ಹೊತ್ತಿಗೆ ಹಾಕ್ಕೊಂಡಿರು, ನೋಡ್ಬೇಕು ಅಂತ. ಕತ್ತಲಾಗೋವರೆಗೂ ಹಾಕ್ಕೊಂಡೇ ಇದ್ದೆ. ನೀವು ಬರ್ಲಿಲ್ಲ."

ಅವನು ಮೊಳೆಗೆ ಕೈ ಹಾಕಿದ. ಕನ್ನಡಕವನ್ನೂ ಒಂದು ಕೆಂಪು ಲಡಿಯನ್ನೂ ಒಂದು ಕರಿ ಲಡಿಯನ್ನೂ ಅವಳ ಕೈಗಿಟ್ಟ. "ಹಾಕ್ಕೊಂಡು ನೋಡು."

ಬಾಗಿಲಲ್ಲಿ ಸಂಜೆಯ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. "ಎರಡೂ ಕರಿ," ಎಂದಳು.

"ತೆಗೆದು ನೋಡು."

ತೆಗೆದಳು. ಕೆಂಪು ಲಡಿಯನ್ನು ಎತ್ತಿ ಹಿಡಿದಳು. ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದಳು. ಮುಖ ಅರಳುತ್ತಾ ಬಂದು, ಅರ್ಧಕ್ಕೇ ನಿಂತಿತು.

"ನಿಮಗೆ ಹೇಗೆ ಗೊತ್ತು?"

ಗೊತ್ತಿಲ್ಲ, ಈಗಷ್ಟೇ ಹೊಳೆಯಿತು ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

"ತಂದ ದಿನ ಸೈಕಲ್ ಮೇಲೆ ನಾನೇ ಹಾಕ್ಕೊಂಡು ಬಂದೆ. ರಾಜಾನುಕುಂಟೆ ಹತ್ರ ಮಬ್ಬಲ್ಲಿ ಎತ್ತಿನ ಗಾಡಿ ಕಾಣ್ದೆ ಗುದ್ದಿದೆ. ಗಾಡಿಯವನ ಕೆಂಪು ರುಮಾಲು ಕರೀದಾಗಿ ಕಾಣ್ತು. ಬಿಸಿಲಲ್ಲಿ ಗೊತ್ತಾಗಲ್ಲ, ಮಬ್ಬಲ್ಲಿ ಹಸಿರು ಗಾಜಿಗೆ ಕೆಂಪೂ ಕರೀನೇ. ಮಬ್ಬಲ್ಲಿ ಇದು ಬೇಡ ಅಂತ ನಿನಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ಹೇಳಿದ್ರೆ ನಾನು ಬಂದಾಗ ನೀನು ಹಾಕ್ಕೊತಿರ್ಲಿಲ್ಲ."

ಬನಶಂಕರಿ ಕನ್ನಡಕವನ್ನೂ ಲಡಿಗಳನ್ನೂ ಅವನ ಕೈಗೆ ವಾಪಸ್ಸಿಟ್ಟಳು.

"ಬೆಳಗ್ಗೆಯಿಂದ ಕಣ್ಣು ಮುಚ್ಚಿ ಮನೆಯೆಲ್ಲಾ ತಡವಿಕೊಂಡು ಓಡಾಡಿ ಅಭ್ಯಾಸ ಮಾಡ್ತಿದ್ದೆ," ಎಂದಳು ಮೆಲ್ಲಗೆ. "ಅಪ್ಪ ಹಿತ್ತಲಲ್ಲಿದಾರೆ. ಹೋಗಿ ಹೇಳಿ."

ಹಿತ್ತಲಲ್ಲಿ ಅವಳಪ್ಪ ದೊಡ್ಡವೆಂಕಟಪ್ಪ ಎಲ್ಲವನ್ನೂ ಕೇಳಿ, ಕನ್ನಡಕ ತಾವೂ ಹಾಕಿಕೊಂಡು ಲಡಿ ನೋಡಿದರು.

"ನನ್ನ ಮಗಳಿಗೆ ಕನ್ನಡಕ ಕೊಡೋಕೆ ನೀನು ಯಾರಪ್ಪಾ?"

"ಯಾರೂ ಅಲ್ಲ. ಅಳಿಯ ಆಗೋಣ ಅಂತ ಕೇಳೋಕೆ ಬರೋನಿದ್ದೆ."

ಮುದುಕರು ಒಳಗೆ ಬಂದು ದೀಪ ಹಚ್ಚಿ ಮಗ್ಗದ ಮೇಲೆ ಇಟ್ಟರು. "ಕೇಳೋದು ಆಮೇಲೆ. ಮೊದಲು ಕೂತು ಆ ಕರಿ ಬಿಚ್ಚು. ಒಂದು ಕೆಂಪು ಎಳೆ ಕಿತ್ತರೂ ಎದ್ದು ಹೋಗು," ಎಂದು ಜಗಲಿಗೆ ನಡೆದರು.

ಅವನು ಮಗ್ಗದ ಆ ಬದಿ ಕೂತ, ಅವಳು ಈ ಬದಿ. ಅವನು ಕರಿ ಎಳೆಯ ತುದಿ ಎತ್ತಿಕೊಟ್ಟ, ಅವಳು ಎಳೆದಳು. ನೇಯದವನ ಬೆರಳು, ಒರಟು.

"ಕೋಪ ಹೋಯ್ತಾ?"

"ಇಲ್ಲ."

"ಯಾವಾಗ ಹೋಗುತ್ತೆ?"

ಅವಳು ದೀಪವನ್ನು ಅವನ ಕಡೆಗೆ ಸರಿಸಿದಳು. "ಹಿರಿಯರನ್ನ ಕರ್ಕೊಂಡ್ ಬನ್ನಿ. ಕೋಪ ಇರೋವಾಗಲೇ ಬನ್ನಿ. ಹೋಗೋವರೆಗೂ ಕಾಯ್ತಾ ಕೂತ್ರೆ ನನಗೆ ವಯಸ್ಸಾಗುತ್ತೆ."