ರೀಲಿನ ನಾಲಿಗೆ

“ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ.”

ಕ್ಯಾಮೆರಾ ರಿಪೇರಿಯವನು ಚಿಮಟದ ತುದಿಯಲ್ಲಿ ಸಾಸಿವೆ ಗಾತ್ರದ ಸ್ಕ್ರೂ ಹಿಡಿದುಕೊಂಡು ಕಲ್ಲಾದ. ಎದುರಿನ ಸ್ಟೂಲಿನ ಮೇಲೆ ಕೂತವಳು ಕ್ಲಿಕ್ ಮಾಡಿದಳು.

“ಈಗ ಬಿಡಿ.”

“ನೀವು ತೆಗೀತಿರೋದು ನನ್ನ ಕೈ ಫೋಟೋ,” ಎಂದ ಅವನು, ತಲೆಯೆತ್ತದೆ. “ಅದಕ್ಕೂ ನನ್ನ ಉಸಿರಿಗೂ ಏನು ಸಂಬಂಧ?”

“ಅಭ್ಯಾಸ ಆಗ್ಬಿಟ್ಟಿದೆ, ಏನ್ ಮಾಡ್ಲಿ.”

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ ಅವಳು ಹೇಳುವುದು ಇದೇ ಮಾತು. ಮೊದಲೆಲ್ಲ ಎಕ್ಸ್‌ರೇ ತೆಗೆದ ಮೇಲೆ ಫಿಲ್ಮನ್ನು ಡಾರ್ಕ್‌ರೂಮಿಗೆ ಒಯ್ದು ತೊಳೆಯಬೇಕಿತ್ತು. ಈಗ ಗುಂಡಿ ಒತ್ತಿದರೆ ಸಾಕು, ಎಲುಬು ನೇರವಾಗಿ ಡಾಕ್ಟರ ಕಂಪ್ಯೂಟರಿಗೇ ಹೋಗಿ ಕೂರುತ್ತದೆ. ಖಾಲಿ ಬಿದ್ದ ಡಾರ್ಕ್‌ರೂಮಿನ ಬೀಗದ ಕೈಯನ್ನು ಸೂಪರಿಂಟೆಂಡೆಂಟರ ಬೆನ್ನು ಹತ್ತಿ ಇಸಿದುಕೊಂಡು, ಡ್ಯೂಟಿ ಮುಗಿದ ಮೇಲೆ ಅಲ್ಲಿ ಊರಿನವರ ಕ್ಯಾಮೆರಾ ರೀಲುಗಳನ್ನು ತೊಳೆದುಕೊಡುತ್ತಿದ್ದಳು. ರೀಲು ತರುವವರಲ್ಲಿ ಹೆಚ್ಚಿನವರು ಅಜ್ಜನ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ತಿರುಗುವ ಕಾಲೇಜಿನ ಹುಡುಗ ಹುಡುಗಿಯರು.

ಆ ಕ್ಯಾಮೆರಾಗಳು ಕೆಟ್ಟರೆ ಬರುವುದು ಇವನ ಹತ್ತಿರ. ಇವನ ಸೋದರತ್ತೆ ಗುಂಡಿ, ದಾರ, ಜಿಪ್ಪು ಮಾರುವ ಅಂಗಡಿಯಲ್ಲಿ ಅರ್ಧ ಕೌಂಟರು ಇವನದು. ರಿಪೇರಿ ಮುಗಿದ ಪ್ರತಿ ಕ್ಯಾಮೆರಾದಲ್ಲೂ ಎದುರಿನ ಬೋಳು ಗೋಡೆಯದೇ ಒಂದು ರೀಲು ತೆಗೆದು ಅವಳಿಗೆ ಕಳಿಸುತ್ತಿದ್ದ. ಅವಳು ತೊಳೆದು, ನೆಗೆಟಿವ್ ನೋಡಿ, ಶಟರ್ ಯಾವ ಸ್ಪೀಡಿನಲ್ಲಿ ಸೋಮಾರಿತನ ಮಾಡುತ್ತಿದೆ ಎಂದು ಹೇಳುತ್ತಿದ್ದಳು. ಫೋನಿನಲ್ಲೇ ಹೇಳಬಹುದಾದ ಮಾತು. ಆದರೂ ನಡೆದು ಬಂದು ಹೇಳುತ್ತಿದ್ದಳು.

ಹಾಗೆ ಬರುವವಳಿಗಾಗಿ ಅವನು ಒಂದು ಮರದ ಸ್ಟೂಲು ತಂದು ಹಾಕಿದ್ದ. ಅದರ ಒಂದು ಕಾಲು ಗಿಡ್ಡ. ಅಡಿಯಲ್ಲಿ ಮಡಚಿದ ರಟ್ಟು.

“ಸಾಸಿವೆ ಕಾಳಿಗೆ ಮೂಗುತಿ ತೊಡಿಸ್ತಾನೆ ನಮ್ಮ ಸ್ಕ್ರೂ,” ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಚಿಕ್ಕಂದಿನಲ್ಲಿ ಮನೆಯ ಗಡಿಯಾರವನ್ನೆಲ್ಲ ಬಿಚ್ಚಿ ಹಾಕಿದ್ದಕ್ಕೆ ಅವರು ಇಟ್ಟ ಹೆಸರು ಅದು. “ಒಂದು ಸ್ಟೂಲಿನ ಕಾಲು ಮಾತ್ರ ಅವನ ಕೈಲಿ ಸರಿಯಾಗಲ್ಲ.”

ರೀಲು ಮುಗಿದಿತ್ತು. ಅವಳು ಕ್ಯಾಮೆರಾದ ಪುಟ್ಟ ಹಿಡಿಕೆ ತಿರುಗಿಸಿ ಫಿಲ್ಮನ್ನು ಡಬ್ಬಿಯೊಳಗೆ ಸುತ್ತತೊಡಗಿದಳು.

ಇಲ್ಲಿ ಅವಳದೊಂದು ಪದ್ಧತಿಯಿತ್ತು. ಹೊಸ ರೀಲಿನಲ್ಲಿ ಫಿಲ್ಮಿನ ತುದಿ ನಾಲಿಗೆಯಂತೆ ಡಬ್ಬಿಯಿಂದ ಹೊರಗಿರುತ್ತದೆ. ಫೋಟೋ ತೆಗೆದಾದ ಮೇಲೆ ಎಲ್ಲರೂ ಆ ನಾಲಿಗೆಯನ್ನು ಪೂರ್ತಿ ಒಳಗೆ ಸುತ್ತಿಬಿಡುತ್ತಾರೆ. ಇವಳು ಹಾಗಲ್ಲ. ಕತ್ತಲೆಯಲ್ಲಿ ಡಬ್ಬಿ ಒಡೆಯುವ ಕಷ್ಟ ಬೇಡವೆಂದು ನಾಲಿಗೆಯನ್ನು ಹೊರಗೇ ಉಳಿಸಿ, ಅದರ ತುದಿಯನ್ನು ಮಡಚುತ್ತಿದ್ದಳು. ಮಡಚಿದ್ದರೆ ಫೋಟೋ ತೆಗೆದಾಗಿದೆ. ಮಡಚದಿದ್ದರೆ ಹೊಸ ರೀಲು. ಅವನಿಗೂ ಇದು ಗೊತ್ತಿತ್ತು.

“ನನಗೆ ಕೆಲಸ ಸಿಕ್ಕಿದೆ,” ಎಂದ ಅವನು.

ಹಿಡಿಕೆ ತಿರುಗಿಸುತ್ತಿದ್ದ ಬೆರಳು ನಿಂತಿತು. “ಎಲ್ಲಿ?”

“ದೂರ. ರೈಲಲ್ಲಿ ಒಂದು ರಾತ್ರಿ. ಆಸ್ಪತ್ರೆ ಮಷೀನ್ ಸರ್ವಿಸ್ ಮಾಡೋ ಕಂಪನಿ. ನಿಮ್ಮ ಎಕ್ಸ್‌ರೇ ಇದೆಯಲ್ಲ, ಅಂಥವು.” ಅವನು ಸ್ಕ್ರೂ ಕೂರಿಸಿದ. “ಸೋಮವಾರದೊಳಗೆ ಹೂಂ ಅನ್ನಬೇಕಂತೆ. ಇಲ್ಲಿ ಪಾರ್ಟ್ಸ್ ಮುಗೀತಾ ಬಂತು ಮೇಡಂ. ಸತ್ತ ಕ್ಯಾಮೆರಾ ಬಿಚ್ಚಿ ಬದುಕಿರೋದಕ್ಕೆ ಹಾಕ್ತಿದೀನಿ. ಸತ್ತಿರೋದೂ ಖಾಲಿ ಆದ್ರೆ?”

“ನಮ್ಮ ಮಷೀನು ಹೊಸದು. ಕೆಡೋದೇ ಇಲ್ಲ.”

“ಕೆಟ್ರೆ ನಾನೇ ಬರ್ತೀನಿ.”

ಕೆಡಿಸುತ್ತೇನೆ ಎನ್ನುವ ಮಾತು ಅವಳ ತುಟಿಯವರೆಗೆ ಬಂತು. ಬಾಯಿಂದ ಹೊರಬಿದ್ದದ್ದು ಬೇರೆ. “ಒಳ್ಳೇದಾಯ್ತು ಬಿಡಿ. ತಿಂಗಳಾದ್ರೆ ಸಂಬಳ ಬರುತ್ತೆ.”

ಅವನು ಅವಳನ್ನು ಒಮ್ಮೆ ನೋಡಿದ, ಲೆನ್ಸಿನ ಮೇಲೆ ಗೀರು ಹುಡುಕುವವನಂತೆ. ಅವಳು ರೀಲನ್ನು ಹೊರತೆಗೆದು ಮೇಜಿನ ಮೇಲಿಟ್ಟು, ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು.

“ಟೀ ಇಟ್ಟಿದೀನಲ್ಲೇ!” ಎಂದು ಅತ್ತೆ ಕೂಗಿದ್ದು ಅವಳ ಬೆನ್ನಿಗೆ ಕೇಳಿಸಿತೋ ಇಲ್ಲವೋ.

ಮಾರನೆಯ ದಿನ ಅತ್ತೆಯ ಕೈಯಲ್ಲಿ ಅವನು ಟೆಸ್ಟ್ ರೀಲು ಕಳಿಸಿದ. ತಾನು ಬರಲಿಲ್ಲ. ಅವಳು ಡಾರ್ಕ್‌ರೂಮಿನಲ್ಲಿ ಅದನ್ನು ತೊಳೆದು, ಕ್ಲಿಪ್ಪಿಗೆ ಸಿಕ್ಕಿಸಿ, ಬಲ್ಬಿಗೆ ಹಿಡಿದು ನೋಡಿದಳು. ಮೊದಲು ಗಾಬರಿಯಾಯಿತು. ಆಮೇಲೆ ಅರ್ಥವಾಯಿತು.

ನಿನ್ನೆ ಮೇಜಿನ ಮೇಲೆ ಬಿಟ್ಟುಬಂದ ರೀಲಿನ ನಾಲಿಗೆ ಮಡಚುವುದನ್ನು ಮರೆತಿದ್ದಳು. ಹೊಸ ರೀಲೆಂದು ತಿಳಿದು ಅವನು ಅದರ ಮೇಲೆಯೇ ಟೆಸ್ಟ್ ತೆಗೆದಿದ್ದ.

ತಿಂಗಳುಗಟ್ಟಲೆ ಒಂದೊಂದಾಗಿ ತೆಗೆದ ಅವನ ಕೈಗಳು. ಸ್ಪ್ರಿಂಗು ಹುಡುಕುವ ಕೈ, ಲೆನ್ಸು ಒರೆಸುವ ಕೈ, ಟೀ ಲೋಟ ಹಿಡಿದು ಸುಮ್ಮನಿರುವ ಕೈ. ಮತ್ತೆ ತೆಗೆಯೋಣವೆಂದರೆ ಆ ಕೈಗಳೇ ಊರು ಬಿಡುತ್ತಿವೆ. ಫೋನಿನಲ್ಲಿ ತೆಗೆದ ಫೋಟೋ ಆಗಿದ್ದರೆ ಇಂಥದೊಂದು ಆಗುತ್ತಲೇ ಇರಲಿಲ್ಲ ಎಂದುಕೊಂಡಳು. ಅದರಲ್ಲಿ ಒಂದರ ಮೇಲೊಂದು ಬೀಳುವುದಿಲ್ಲ. ಎಲ್ಲವೂ ಅಕ್ಕಪಕ್ಕ ಇರುತ್ತವೆ, ಯಾವುದಕ್ಕೂ ಯಾವುದರ ಗೊಡವೆಯಿಲ್ಲ.

ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಕೈಗಳ ಮೇಲೆ ಬಿದ್ದಿದ್ದುದು ಬೋಳು ಗೋಡೆಯಲ್ಲ. ಗೋಡೆಯಾಗಿದ್ದರೆ ಎಲ್ಲವನ್ನೂ ನುಂಗಿರುತ್ತಿತ್ತು. ಇದು ನಾಲ್ಕು ಕಾಲಿನ ಏನೋ.

ಫೋನು ಬಂತು. “ಮೇಡಂ, ಶಟರ್ ಹೇಗಿದೆ?”

“ಟೆಸ್ಟ್ ಹಾಳಾಗಿದೆ.”

“ಅಯ್ಯೋ. ನಾನೇನಾದ್ರೂ ಎಡವಟ್ಟು ಮಾಡಿದ್ನಾ?”

“ಅರ್ಧ ನಿಮ್ದು, ಅರ್ಧ ನಂದು,” ಎಂದಳು. “ಬನ್ನಿ ಇಲ್ಲಿಗೆ. ಫೋನಲ್ಲಿ ಹೇಳೋಕಾಗಲ್ಲ.”

ಅವನು ಬಂದಾಗ ಅವಳು ಬಾಗಿಲು ಹಾಕಿ, ಪರದೆ ಎಳೆದು, ಕೆಂಪು ದೀಪ ಹಚ್ಚಿದಳು. ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆಗೆ ಅವನು ಮೂಗು ಸುಕ್ಕು ಮಾಡಿದ.

“ಇಷ್ಟು ವರ್ಷ ಕ್ಯಾಮೆರಾ ಬಿಚ್ಚಿದೀನಿ,” ಎಂದ ಮೆಲ್ಲಗೆ, ಯಾರೋ ಮಲಗಿರುವ ಮನೆಗೆ ಬಂದವನಂತೆ. “ಫೋಟೋ ಹುಟ್ಟೋದನ್ನ ಒಂದು ದಿನಾನೂ ನೋಡಿಲ್ಲ.”

“ಹೆಚ್ಚು ಜಾಗ ಇಲ್ಲ. ಇಲ್ಲೇ ನಿಂತ್ಕೊಳ್ಳಿ. ಮೊಣಕೈ ಹುಷಾರು.”

ಅವನು ನಿಂತ. ಅವಳ ಭುಜಕ್ಕೂ ಅವನ ಭುಜಕ್ಕೂ ನಡುವೆ ಒಂದು ಹಾಳೆ ಹಿಡಿಸುವಷ್ಟು ಜಾಗ. ಇಬ್ಬರೂ ಆ ಹಾಳೆಯನ್ನು ಜೋಪಾನ ಮಾಡಿದರು.

ನೆಗೆಟಿವಿನ ಒಂದು ಫ್ರೇಮಿನ ಮೂಲಕ ಬಿಳಿ ಕಾಗದದ ಮೇಲೆ ಬೆಳಕು ಬಿಟ್ಟು, ಆ ಕಾಗದವನ್ನು ಟ್ರೇಯೊಳಗೆ ಇಳಿಬಿಟ್ಟು, ಟ್ರೇಯ ಅಂಚನ್ನು ಮೆಲ್ಲಗೆ ಎತ್ತಿ ಇಳಿಸುತ್ತ ಹೋದಳು. ನೀರು ಆಚೆಗೀಚೆಗೆ ತೂಗಿತು. ಮೊದಲು ಏನೂ ಇಲ್ಲ. ಆಮೇಲೆ ಹೊಗೆಯಂಥದ್ದು. ಹೊಗೆಯೊಳಗಿಂದ ಬೆರಳುಗಳು.

“ಇದು ನನ್ನ ಕೈ,” ಎಂದ ಅವನು.

“ನೋಡ್ತಾ ಇರಿ.”

ಎರಡು ದೊಡ್ಡ ಕೈಗಳ ನಡುವೆ ಒಂದು ಸ್ಟೂಲು ಮೂಡಿತು, ಕಿಟಕಿಯ ಬಿಸಿಲಲ್ಲಿ. ಅದರ ಒಂದು ಕಾಲಿನ ಅಡಿಯಲ್ಲಿ ಮಡಚಿದ ರಟ್ಟು. ಗುಬ್ಬಿಮರಿಯನ್ನು ಹಿಡಿದುಕೊಂಡಂತೆ ಆ ಕೈಗಳು ಅದನ್ನು ಹಿಡಿದುಕೊಂಡಿದ್ದವು.

ಅವನು ಟ್ರೇಯ ಮೇಲೆ ಇನ್ನಷ್ಟು ಬಾಗಿದ.

“ನಾಲಿಗೆ ಮಡಚಿರ್ಲಿಲ್ಲ ನೀವು,” ಎಂದ ಅವನು.

“ಮರೆತೆ.”

“ನೀವು ಮರೆಯೋರಲ್ಲ.”

“ಊರು ಬಿಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಮರೀತೀನಿ.” ಚಿತ್ರವನ್ನು ಹೈಪೋ ಟ್ರೇಗೆ ದಾಟಿಸುವ ನೆಪದಲ್ಲಿ ಅವಳು ಮುಖ ತಿರುಗಿಸಿದಳು. “ನೀವು ಗೋಡೆ ಬಿಟ್ಟು ಇದನ್ನ ಯಾಕೆ ತೆಗೆದ್ರಿ?”

“ಅಲ್ಲಿ ಹೋದ್ಮೇಲೆ ನೋಡೋಕೆ ಇರ್ಲಿ ಅಂತ.”

“ಖಾಲಿ ಸ್ಟೂಲನ್ನಾ?”

“ನೀವು ಕೂತಾಗ ತೆಗೆಯೋ ಧೈರ್ಯ ಎಲ್ಲಿತ್ತು?”

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ. “ಅದರ ಕಾಲನ್ನಾದ್ರೂ ಸರಿ ಮಾಡಬಹುದಿತ್ತಲ್ಲ. ಬೀಳ್ತೀನಿ ಅಂತ ದಿನಾ ಮೇಜು ಹಿಡ್ಕೊಂಡು ಕೂರ್ತೀನಿ.”

“ಅದಕ್ಕೇ ಸರಿ ಮಾಡ್ಲಿಲ್ಲ. ಮೇಜು ಹಿಡ್ಕೊಂಡಾಗ ನಿಮ್ಮ ಕೈ ನನ್ನ ಕೈ ಹತ್ರ ಬರುತ್ತೆ.”

ಕೆಂಪು ದೀಪದಲ್ಲಿ ಯಾರ ಕೆನ್ನೆ ಕೆಂಪಾಗಿದೆ ಎಂದು ತಿಳಿಯುವುದಿಲ್ಲ. ಆ ಒಂದು ಉಪಕಾರವನ್ನು ದೀಪ ಇಬ್ಬರಿಗೂ ಮಾಡಿತು.

“ನಿನ್ನೆ ಒಳ್ಳೇದಾಯ್ತು ಅಂದೆ,” ಎಂದಳು ಅವಳು. “ಸುಳ್ಳು. ಹೋಗಬೇಡಿ. ಫಿಲ್ಮು ಉಳಿಯುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಈ ಕೋಣೇನೂ ಹೋಗ್ತಿದೆ, ಬೆಡ್‌ಶೀಟ್ ಇಡೋಕೆ ಬೇಕಂತೆ. ನನ್ನ ಹತ್ರ ಒಂದು ಕಾರಣಾನೂ ಇಲ್ಲ. ಸುಮ್ನೆ ಹೇಳ್ತಿದೀನಿ. ಹೋಗಬೇಡಿ.”

ಅವನು ಚಿತ್ರದಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತ ನಿಂತಿದ್ದ.

“ಅತ್ತೆ ಅಂಗಡಿ ಹಿಂದೆ ಒಂದು ಉಗ್ರಾಣ ಇದೆ,” ಎಂದ ಕೊನೆಗೆ. “ಯಾರೂ ಬಾಡಿಗೆಗೆ ಬರಲ್ಲ ಅಂತ ಅತ್ತೆ ಗೊಣಗ್ತಾನೇ ಇರ್ತಾರೆ. ಗಾಳಿ ಇಲ್ಲ, ಬೆಳಕಿಲ್ಲ.”

“ಕಿಟಕಿ?”

“ಒಂದೂ ಇಲ್ಲ.”

“ನಲ್ಲಿ ಇದೆಯಾ?”

“ಇದೆ. ಸ್ವಲ್ಪ ಸೋರುತ್ತೆ.”

“ಇಂಥಾ ಕೋಣೆ ಇಟ್ಕೊಂಡು ಇಷ್ಟು ದಿನ ನನಗೆ ಒಂದು ಮಾತು ಹೇಳಿಲ್ಲ ನೀವು.” ಅವಳ ದನಿಯಲ್ಲಿದ್ದುದು ನಿಜವಾದ ಕೋಪ.

“ಈಗ ಹೇಳಿದ್ನಲ್ಲ.”

“ಪಾರ್ಟ್ಸ್ ಮುಗಿದ ಮೇಲೆ?”

“ಲೇತ್ ಕೆಲಸದವನ ಹತ್ರ ಮಾಡಿಸ್ತೀನಿ. ಅವನೂ ಮುಗಿದ್ರೆ ಗುಂಡಿ ಮಾರ್ತೀನಿ. ಜನ ಗುಂಡಿ ಹಾಕ್ಕೊಳ್ಳೋದಂತೂ ಬಿಡಲ್ಲ.” ಅವನು ಅವಳ ಕಡೆ ತಿರುಗಿದ. ಜೋಪಾನ ಮಾಡಿದ್ದ ಹಾಳೆಯಷ್ಟು ಜಾಗ ಎಲ್ಲಿ ಹೋಯಿತೋ. “ಸೋಮವಾರದ ತನಕ ಯಾಕೆ, ಈಗ್ಲೇ ಫೋನ್ ಮಾಡಿ ಬರಲ್ಲ ಅಂತೀನಿ. ಫಿಲ್ಮಿಗೋಸ್ಕರ ಅಲ್ಲ. ನಿನಗೋಸ್ಕರ.”

ಮೇಡಂ ಎನ್ನುವುದು, ನೀವು ಎನ್ನುವುದು ಯಾವಾಗ ಉದುರಿತೆಂದು ಅವನಿಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು. ಹೈಪೋ ವಾಸನೆಯ ಕೈಯನ್ನು ಸೆರಗಿಗೆ ಒರೆಸಿ, ಅವನ ಅಂಗೈಯಲ್ಲಿ ಇಟ್ಟಳು.

ಉಗ್ರಾಣದಿಂದ ಹಳೆಯ ಪೆಟ್ಟಿಗೆಗಳನ್ನು ಹೊರಗೆ ಹಾಕಿಸಿದ ದಿನ ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಎಲ್ಲರೂ ಸಂಸಾರ ಹೂಡೋಕೆ ಗಾಳಿ ಬೆಳಕು ನೋಡ್ತಾರೆ. ಇವರಿಬ್ಬರಿಗೆ ಅದೆರಡೂ ಇರಬಾರದಂತೆ.”

“ಸಂಸಾರ ಅಂತ ಯಾರು ಹೇಳಿದ್ರು ಅತ್ತೆ?” ಎಂದಳು ಅವಳು, ಟ್ರೇ ಜೋಡಿಸುತ್ತ.

“ನನ್ನನ್ನ ಅತ್ತೆ ಅಂದಿದ್ದು ಯಾರು?”

ಅವಳ ಕೈಯಿಂದ ಒಂದು ಟ್ರೇ ಜಾರಿತು. ಅತ್ತೆ ಗೆದ್ದವರಂತೆ ಟೀ ಇಡಲು ಹೋದರು.

ಸ್ಟೂಲಿನ ಕಾಲು ಹಾಗೇ ಇತ್ತು, ಅಡಿಯಲ್ಲಿ ಅದೇ ರಟ್ಟು. ಅವಳು ಅದರ ಮೇಲೆ ಕೂತು ಮೇಜು ಹಿಡಿದುಕೊಂಡಳು. ಈ ಸಲ ಕ್ಯಾಮೆರಾ ಹಿಡಿದಿದ್ದವನು ಅವನು.

“ಉಸಿರು ಎಳ್ಕೊ,” ಎಂದ ಅವನು. “ಹಿಡ್ಕೊ. ನಗಬೇಡ.”

ನಕ್ಕಳು. ಕ್ಲಿಕ್ ಎಂದಿತು.

ಸಂಜೆ ರೀಲು ಮುಗಿದಾಗ ಅವಳೇ ಹಿಡಿಕೆ ತಿರುಗಿಸಿ ಫಿಲ್ಮನ್ನು ಸುತ್ತಿದಳು. ಎಂದಿನಂತೆ ನಾಲಿಗೆಯನ್ನು ಹೊರಗೆ ಉಳಿಸಿ, ತುದಿಯನ್ನು ಮಡಚಲು ಬೆರಳು ಒಯ್ದವಳು ತಡೆದಳು. ಅವನು ನೋಡುತ್ತಿದ್ದಾನೆಂದು ಖಚಿತ ಮಾಡಿಕೊಂಡು, ಮಡಚದೆಯೇ ರೀಲನ್ನು ಮೇಜಿನ ಮೇಲೆ ಇಟ್ಟಳು.

ಅವನು ಅದನ್ನು ಎತ್ತಿಕೊಂಡ. ಕ್ಯಾಮೆರಾ ತೆರೆದು, ಹೊಸ ರೀಲನ್ನು ಹಾಕುವವನಂತೆ ಹಾಕಿ, ಅವಳ ಕೈಗೆ ಕೊಟ್ಟ.

“ಈಗ ನಿನ್ನ ಸರದಿ,” ಎಂದ.