ಸಂಜೆ ತೋರಿಸಿದ ಮನೆ

ಬೀರುವಿಗೆ ಭುಜ ಕೊಟ್ಟು ಅವಳು ತಳ್ಳಿದಳು. ಅದು ಒಂದು ಗೇಣು ಸರಿದು, ಹಟ ಹಿಡಿದ ಎಮ್ಮೆಯಂತೆ ನಿಂತುಬಿಟ್ಟಿತು. ಅಷ್ಟು ಸಾಕಿತ್ತು. ಹಿಂದಿನ ಗೋಡೆಯಲ್ಲಿ ನೀರು ಒಸರಿ ಹಬ್ಬಿದ ಕಲೆ ಕಾಣಿಸಿತು. ನಡುವೆ ಬೂದಿ, ಅಂಚಿಗೆ ಹಳದಿ.

"ನೋಡಿಬಿಡಿ," ಎಂದಳು, ಏಜೆಂಟಳಾಗಿ ತಾನು ಮನೆ ತೋರಿಸಲು ಕರೆತಂದಿದ್ದ ಗಂಡ ಹೆಂಡತಿಗೆ. "ಮೇಲಿನ ಟ್ಯಾಂಕಿನ ನೀರು. ರಿಪೇರಿ ಆಗುತ್ತೆ. ಆದ್ರೂ ಆಮೇಲೆ ಗೊತ್ತಾಗೋ ಬದಲು ಈಗ್ಲೇ ಗೊತ್ತಾಗ್ಲಿ."

ಹೆಂಡತಿ ಮೂಗಿಗೆ ಕರ್ಚೀಫು ಹಿಡಿದಳು. ಗಂಡ ಲೈಟಿನ ಸ್ವಿಚ್ಚಿಗಾಗಿ ಗೋಡೆ ತಡವಿದ. ಸಂಜೆಯ ಹೊತ್ತು, ನಡುಮನೆಯಲ್ಲಿ ಆಗಲೇ ಬಾವಿಯೊಳಗಿನ ಕತ್ತಲೆ. "ಹೊತ್ತು ಮುಳುಗೋ ಮೊದ್ಲೇ ಹಿಂಗಿದೆಯಲ್ಲೇ," ಎಂದು ಅವನು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಯೋಚನೆ ಮಾಡಿ ಹೇಳ್ತೀವಿ ಎಂದು ಇಳಿದು ಹೋದರು. ಐದನೇ ಮಹಡಿ, ಲಿಫ್ಟಿಲ್ಲ. ಅವರ ಚಪ್ಪಲಿಯ ಸದ್ದು ಸವೆಯಲು ಬಹಳ ಹೊತ್ತು ಹಿಡಿಯಿತು.

ಮನೆಯ ಮಾಲೀಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವುದು ಅವನ ಕೆಲಸ. ಬೆಳಗ್ಗೆ ಬೇಗ ಹೋಗಿ ಮಧ್ಯಾಹ್ನ ಕಳೆದ ಮೇಲೆ ಮನೆ ಸೇರುತ್ತಿದ್ದ.

"ಓಡಿಸಿದ್ರಾ, ಮೇಡಂ?"

"ನಿಜ ಹೇಳ್ದೆ."

"ಅದೇ ನಾನೂ ಕೇಳಿದ್ದು."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಅವಳು ಅವನನ್ನು ಕಣ್ತುಂಬ ನೋಡುತ್ತಿದ್ದುದು ಆ ಒಂದು ಹೊತ್ತಿನಲ್ಲಿ ಮಾತ್ರ. ಕನ್ನಡಕವಿಲ್ಲದೆ ಅವನಿಗೆ ಅವಳ ಮುಖ ಬರೀ ಮಬ್ಬು, ಅಷ್ಟು ಅವಳಿಗೆ ಗೊತ್ತಿತ್ತು. ಮೂಗಿನ ಇಕ್ಕೆಲದಲ್ಲಿ ಕನ್ನಡಕ ಒತ್ತಿದ ಎರಡು ಗುಳಿ, ನಿದ್ದೆಯಿಂದ ಈಗಷ್ಟೇ ಎದ್ದಂಥ ಕಣ್ಣು. ಗಾಜು ಆಗಲೇ ಶುಭ್ರವಾಗಿರುತ್ತಿತ್ತು. ಅವನು ಒರೆಸುತ್ತಲೇ ಇರುತ್ತಿದ್ದ.

"ನಿಮ್ಮ ಎಡಗಣ್ಣು ಸ್ವಲ್ಪ ಸೋಮಾರಿ," ಎಂದ. "ಬಲಗಣ್ಣು ನೋಡಿ ಆದ್ಮೇಲೆ ಅದು ನಿಧಾನಕ್ಕೆ ಬರುತ್ತೆ."

"ಕನ್ನಡಕ ಇಲ್ದೆ ನಿಮಗೆ ಕಾಣ್ಸಲ್ಲ ಅಂದ್ಕೊಂಡಿದ್ದೆ."

"ಏನು?"

"ಏನಿಲ್ಲ. ಬೀರು ತಳ್ಳೋಣ ಬನ್ನಿ."

ಪ್ರತಿಸಲವೂ ಹೀಗೇ. ಬಂದವರು ಹೋದ ಮೇಲೆ ಇಬ್ಬರೂ ಭುಜಕ್ಕೆ ಭುಜ ಹಚ್ಚಿ ಬೀರುವನ್ನು ಮರಳಿ ಅದರ ಜಾಗಕ್ಕೆ ತಳ್ಳುವುದು. ಒಬ್ಬರೇ ತಳ್ಳಿದರೂ ಆಗುವ ಕೆಲಸ. ಆಮೇಲೆ ಕತ್ತಲಲ್ಲೇ ಕೂತು ಎರಡು ಲೋಟ ಚಹಾ. ಲೈಟು ಹಾಕಲು ಇಬ್ಬರಿಗೂ ನೆನಪಾಗುತ್ತಿರಲಿಲ್ಲ.

ಮೊದಲು ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿದ್ದವಳು. ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದುಕೊಂಡು, ಮನೆ ಮಾರಿಸುವ ಆಫೀಸಿಗೆ ಸೇರಿದಳು. ಅಲ್ಲಿಯ ಯಜಮಾನಿಗೆ ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಗೊರಕೆಯಂಥ ದನಿ, ಪರ್ಸಿನ ತುಂಬ ಊರಿನವರ ಬೀಗದ ಕೈ.

"ಪುಸ್ತಕದಲ್ಲಿ ಓದಿದ್ದೆಲ್ಲ ಮರೆತ್ಬಿಡು," ಎಂದಿದ್ದರು ಮೊದಲ ದಿನ. "ಪ್ರತಿ ಮನೆಗೂ ಅದರದ್ದೇ ಒಂದು ಹೊತ್ತು ಇರುತ್ತೆ ಕಣೇ. ಆ ಹೊತ್ತಲ್ಲಿ ಅದು ಚೆಂದ ಕಾಣುತ್ತೆ. ಆ ಹೊತ್ತು ಯಾವುದು ಅಂತ ಕಂಡ್ಕೊಂಡ್ರೆ ನೀನು ಏಜೆಂಟು. ಇಲ್ಲಾಂದ್ರೆ ಬರೀ ಬಾಗಿಲು ತೆಗೆಯೋಳು."

ಮಾರಿಸಲು ಅವಳಿಗೆ ಸಿಕ್ಕ ಮೊದಲ ಮನೆ ಇದು. ತಾಯಿ ತೀರಿಕೊಂಡ ಮೇಲೆ ಅವನೂ ಅವನ ಅಕ್ಕನೂ ಮಾರಲು ನಿಂತಿದ್ದರು. ಮೂವರು ಏಜೆಂಟರು ಬಂದುಹೋಗಿದ್ದರು. ಒಬ್ಬ ಆಕಾಶದಷ್ಟು ಬೆಲೆ ಹೇಳಿದ. ಇನ್ನೊಬ್ಬ ಗೋಡೆಗೆ ಬಣ್ಣ ಹೊಡೆಸಿ ಕಲೆ ಮುಚ್ಚೋಣ ಎಂದ. ಮೂರನೆಯವಳಾಗಿ ಬಂದ ಅವಳು ಕಲೆಯ ಮೇಲೆ ಬೆರಳಾಡಿಸಿ, "ಮುಚ್ಚೋದಾದ್ರೆ ನಾನು ಬರಲ್ಲ," ಎಂದಳು.

ಫೋನಿನಲ್ಲಿ ವರದಿ ಕೇಳಿದ ಅಕ್ಕ ಕೂಡಲೇ ಹೇಳಿದ್ದಳಂತೆ: "ಇವಳೇ ಇರ್ಲಿ. ಬೆಲೆ ಏರ್ಸಿ ಹೇಳೋನು ಮನೆ ಮಾರಲ್ಲ ಕಣೋ, ಮೊದ್ಲು ನಿನ್ನ ಮಾರ್ತಾನೆ."

ಅಕ್ಕನನ್ನು ಅವಳು ನೋಡಿರಲಿಲ್ಲ. ಸೊಂಟದ ನೋವಿನಿಂದಾಗಿ ಆಕೆ ಐದು ಮಹಡಿ ಹತ್ತುವಂತಿರಲಿಲ್ಲ. ಗಂಡ ಸತ್ತ ಮೇಲೆ ಮಗಳೊಂದಿಗೆ ಮೈದುನನ ಮನೆಯ ಮೂಲೆಯ ಕೋಣೆಯಲ್ಲಿದ್ದಳು. ತನ್ನ ಪಾಲು ಕೈಗೆ ಬಂದರೆ ನೆಲಮಹಡಿಯಲ್ಲಿ ಒಂದು ಸಣ್ಣ ಮನೆ ಹಿಡಿಯುವ ಆಸೆ. ಅಷ್ಟಕ್ಕಾಗಿ ಆರು ತಿಂಗಳಿಂದ ಕಾಯುತ್ತಿದ್ದಳು. ಏಜೆಂಟಳ ಜೊತೆ ಮಾಡಿಕೊಂಡ ಕರಾರು ಮುಗಿಯುವುದೂ ಆರು ತಿಂಗಳಿಗೆ.

ಕರಾರಿನ ಕೊನೆಯ ವಾರ ಒಂದು ಬೆಳಗ್ಗೆ ಫೋನ್ ಬಂತು. "ನಾನಮ್ಮ, ಅವನ ಅಕ್ಕ. ಮನೆಗೆ ಬಂದಿದೀನಿ. ಸ್ವಲ್ಪ ಬರ್ತೀರಾ?"

ಬಾಗಿಲು ತೆರೆದೇ ಇತ್ತು. ತಮ್ಮ ಕೆಲಸಕ್ಕೆ ಹೋಗಿದ್ದ. ನಡುಮನೆಯ ಮಧ್ಯೆ ಕುರ್ಚಿ ಹಾಕಿಕೊಂಡು ಒಬ್ಬ ದಪ್ಪನೆಯ ಹೆಂಗಸು ಕೂತಿದ್ದಳು. ಅವಳ ಮಡಿಲು, ಕೈ, ಮುಖ ಎಲ್ಲ ಬಿಸಿಲಿನಲ್ಲಿದ್ದವು. ಪೂರ್ವದ ಕಿಟಕಿಯಿಂದ ಬಿಸಿಲು ಸುರಿದು ನೆಲವಿಡೀ ಹರಡಿ, ಬೀರುವಿನ ಕಾಲಿನವರೆಗೂ ಹರಿದಿತ್ತು. ಗೋಡೆಗಳು ಬೆಣ್ಣೆ ಬಣ್ಣ. ಇದು ಅದೇ ಮನೆ ಎಂದರೆ ಯಾರೂ ನಂಬುತ್ತಿರಲಿಲ್ಲ.

"ಅಮ್ಮ ಇಲ್ಲೇ ಕೂತು ಕೂದಲು ಒಣಗಿಸ್ಕೋತಿದ್ರು," ಎಂದಳು ಅಕ್ಕ. "ಬಂದೋರೆಲ್ಲ ಏನಂದ್ರು, ಈ ಬಿಸಿಲು ನೋಡಿ?"

ಅವಳು ಬಿಸಿಲಿನ ಅಂಚಿನಿಂದ ಕಾಲು ಹಿಂದಕ್ಕೆ ತೆಗೆದಳು.

"ಬೆಳಗ್ಗೆ ಯಾರನ್ನೂ ಕರ್ಕೊಂಡು ಬಂದಿಲ್ವಾ?"

"ಇಲ್ಲ."

"ಯಾಕೆ?"

ಮೊದಲ ದಿನ ಬಂದಾಗಲೂ ಬೆಳಗ್ಗೆಯೇ; ಅಂದು ಅವನು ರಜೆ ಹಾಕಿದ್ದ. ಬಾಗಿಲಲ್ಲೇ ಅವಳಿಗೆ ಈ ಮನೆಯ ಹೊತ್ತು ಸಿಕ್ಕಿಬಿಟ್ಟಿತ್ತು. ಸಿಕ್ಕಿದ ಮೇಲೂ ಬಂದವರನ್ನೆಲ್ಲ ಸಂಜೆಗೇ ಕರೆದಿದ್ದಳು. ಉಳಿದ ದಿನ ಬೆಳಗ್ಗೆ ಅವನು ಮನೆಯಲ್ಲಿ ಇರುತ್ತಿರಲಿಲ್ಲ. ಕಲೆಯನ್ನು ಅಷ್ಟು ಪ್ರಾಮಾಣಿಕವಾಗಿ ತೋರಿಸುತ್ತಿದ್ದವಳು ಬಿಸಿಲನ್ನು ಮುಚ್ಚಿಟ್ಟಿದ್ದಳು.

ಅಕ್ಕ ಅಡುಗೆಮನೆಯ ಸಿಂಕಿನತ್ತ ನೋಡಿದಳು. ಅಲ್ಲಿ ತೊಳೆದು ಬೋರಲು ಹಾಕಿದ ಎರಡು ಲೋಟ. ಆಕೆ ಬಹಳ ಹೊತ್ತು ಆ ಲೋಟಗಳನ್ನೇ ನೋಡಿದಳು.

"ಬೈಯ್ಯೋಕೆ ಬಂದಿಲ್ಲಮ್ಮ," ಎಂದಳು ಕೊನೆಗೆ. "ಮಹಡಿಗೊಂದ್ಸಲ ಕೂತು ಹತ್ತಿದೀನಿ. ನಂಗೆ ಅರಮನೆ ಬೇಡ. ಒಳಗಿಂದ ಹಾಕ್ಕೊಳ್ಳೋ ಒಂದು ಚಿಲಕ ಬೇಕು. ಮಗಳು ದೊಡ್ಡೋಳಾಗ್ತಿದಾಳೆ."

ಇಳಿಯುವಾಗ ಅವಳು ಆಕೆಯ ತೋಳು ಹಿಡಿದಿದ್ದಳು. ಅಕ್ಕ ಬಿಡಿಸಿಕೊಳ್ಳಲಿಲ್ಲ. ಅದೇ ಹೆಚ್ಚು ನೋಯಿಸಿತು.

ಕರಾರು ಮುಗಿದ ಸಂಜೆ ಅವಳು ಒಬ್ಬಳೇ ಬಂದಳು. ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಬೀರು ತನ್ನ ಜಾಗದಲ್ಲಿತ್ತು. ತಳ್ಳುವುದೇನೂ ಇರಲಿಲ್ಲ. ಅವನು ಚಹಾ ತಂದ.

"ಅಕ್ಕ ಬಂದಿದ್ಲಂತೆ."

"ಹೂಂ."

"ಮಾರ್ಕೆಟ್ಟು ಡಲ್ಲು ಅಂತ ನಾನೇ ಹೇಳ್ತಾ ಬಂದಿದ್ದೆ ಅವಳಿಗೆ," ಎಂದ. "ಬೆಳಗ್ಗೆ ಬಿಸಿಲು ಬರುತ್ತೆ ಅಂತ ನಂಗೂ ಗೊತ್ತಿಲ್ವಾ? ಹುಟ್ಟಿದ ಮನೆ ಇದು."

ಒಂದು ಲೋಟದ ಹಬೆ ಇನ್ನೊಂದರ ಹಬೆಗೆ ತಾಗಿ ಕತ್ತಲಲ್ಲಿ ಕರಗುತ್ತಿತ್ತು. ಇಬ್ಬರೂ ಕೂಡಿ ಮಾಡಿದ ತಪ್ಪು. ಅದರಲ್ಲಿ ಬಂದಷ್ಟು ಹತ್ತಿರ ಅವರು ಇನ್ಯಾವುದರಲ್ಲೂ ಬಂದಿರಲಿಲ್ಲ.

"ದೊಡ್ಡ ಮೇಡಂಗೆ ಹೇಳಿದೀನಿ," ಎಂದಳು. "ನಾಳೆಯಿಂದ ಅವರೇ ನೋಡ್ಕೋತಾರೆ. ಬೆಳಗ್ಗೆನೇ ಬರ್ತಾರೆ. ಕಲೇನೂ ತೋರಿಸ್ತಾರೆ, ಬಿಸಿಲೂ ತೋರಿಸ್ತಾರೆ. ಬೇಗ ಹೋಗುತ್ತೆ ಮನೆ."

"ಮನೆ ಹೋದ್ಮೇಲೆ ನೀವು ಇಲ್ಲಿಗೆ ಯಾಕೆ ಬರ್ತೀರಾ?"

"ಅದನ್ನ ನೀವು ಹೇಳ್ಬೇಕು."

ಅವನು ಕನ್ನಡಕ ತೆಗೆದ. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡ. ಅವಳು ನೋಡಿದಳು, ಈ ಸಲ ಕದ್ದು ನೋಡಲಿಲ್ಲ. ಆ ಎರಡು ಗುಳಿಗಳನ್ನು, ತುಟಿಯವರೆಗೆ ಬಂದು ನಿಂತ ಏನನ್ನೋ. ಹೊರಗೆ ಯಾರೋ ಮೆಟ್ಟಿಲು ಹತ್ತುತ್ತಿದ್ದರು. ಆ ಸದ್ದು ಕೆಳಗಿನ ಮಹಡಿಯಲ್ಲಿ ನಿಂತಿತು. ಬಾಗಿಲು ತೆರೆಯಿತು, ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು.

ಅವನು ಕನ್ನಡಕ ಹಾಕಿಕೊಂಡ. ಮೇಜಿನ ಡ್ರಾಯರಿನಿಂದ ಹೊಸ ಕರಾರಿನ ಹಾಳೆ ತೆಗೆದು ಅವಳ ಮುಂದೆ ಸರಿಸಿದ. ಅವನ ಸಹಿ ಆಗಲೇ ಆಗಿತ್ತು.

"ಇನ್ನೊಂದು ಆರು ತಿಂಗಳು," ಎಂದ. "ನೀವೇ ಇರಿ. ಸಂಜೆ ಬನ್ನಿ, ಸಾಕು."

ಪೆನ್ನನ್ನು ಹಾಳೆಯ ಮೇಲಿಟ್ಟ.

"ಇಲ್ಲ," ಎಂದಳು. "ನಾನು ಸಹಿ ಮಾಡಲ್ಲ."