ಬೆಳ್ಳಿ ಬಿಟ್ಟು ಮರ ಕದ್ದವರು

ಏಪ್ರಿಲ್ 20, ಈಸ್ಟರ್ ಭಾನುವಾರ. ಬೆಳಿಗ್ಗೆ 9.40ಕ್ಕೆ ಕಲ್ಯಾಣ ಪೂರ್ವದ ಪೊಲೀಸ್ ಸ್ಟೇಷನ್ನಿಗೆ ವಿಕಾಸ್ ಸೋನ್ಸ್ ಕೋಟು, ಟೈ ಸಮೇತ ಬೆವರುತ್ತ ಬಂದರು. ರೈಲ್ವೆ ಕಾಲೊನಿಯ ಹಳೆಯ ಚರ್ಚಿಗೆ ಅವರು ಕಾರ್ಯದರ್ಶಿ. ಬಿಷಪ್ಪರ ದಂಡ ಕಳವಾಗಿದೆ ಎಂದು ದೂರಿತ್ತರು. ನಿಖರವಾಗಿ ಏನು ಹೋಗಿದೆ ಎಂದು ಇನ್ಸ್‌ಪೆಕ್ಟರ್ ಜಯಲತಾ ಸುವರ್ಣ ಕೇಳಿದಾಗ ಮಾತ್ರ ತಡವರಿಸಿದರು. ದಂಡದ ತುದಿಯ ಬೆಳ್ಳಿಯ ಕೊಕ್ಕೆ ಇದ್ದಲ್ಲೇ ಇತ್ತು. ಹೋದದ್ದು ಅದರ ಕೆಳಗಿನ ಮರದ ಕೋಲು.

"ಬೆಳ್ಳಿ ಬಿಟ್ಟು ಮರ ಕದ್ದರಾ?"

"ಹೌದು ಮೇಡಂ. ಅದೇ ನಮಗೂ ತಲೆಬುಡ ಅರ್ಥ ಆಗ್ಲಿಲ್ಲ."

ಹವಾಲ್ದಾರ್ ಮುಕ್ತಾ ಭೋಯಿರ್ ಫೈಲಿನ ಹಿಂದೆ ಮುಖ ಮುಚ್ಚಿಕೊಂಡು, ಕೋಲಿಗೂ ಎಫ್‌ಐಆರ್ ಹಾಕಿದರೆ ಮೇಲಿನ ಸಾಹೇಬರು ನಗುತ್ತಾರೆ ಎಂದು ಮರಾಠಿಯಲ್ಲಿ ಪಿಸುಗುಟ್ಟಿದಳು. ಜಯಲತಾ ಯಾವ ದೂರನ್ನೂ ಸಣ್ಣದೆಂದು ವಾಪಸು ಕಳಿಸಿದವಳಲ್ಲ. ಆ ವಿಷಯದಲ್ಲಿ ಆಕೆಗೆ ಕೊಂಚ ಜಂಬವೇ ಇತ್ತು. 10.15ಕ್ಕೆ ಎಫ್‌ಐಆರ್ ದಾಖಲಾಯಿತು.

ಚರ್ಚಿನಲ್ಲಿ ಇಬ್ಬರು ಪಂಚರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಸ್ಥಳ ಪಂಚನಾಮೆ ನಡೆಯಿತು. ಈಸ್ಟರಿಗೆ ಮುಂಚಿನ ಎರಡು ವಾರ ಶಿಲುಬೆ, ದಂಡ ಎಲ್ಲಕ್ಕೂ ನೇರಳೆ ಬಟ್ಟೆ ಮುಚ್ಚಿಡುವುದು ಇಲ್ಲಿನ ರೂಢಿ. ಮುಚ್ಚಿದ ಮೇಲೆ ಹಬ್ಬದ ಬೆಳಿಗ್ಗೆಯವರೆಗೆ ಯಾರೂ ಇಣುಕುವುದಿಲ್ಲ. ಕಳ್ಳನಿಗೆ ಇದಕ್ಕಿಂತ ಅನುಕೂಲ ಬೇಕೆ? ಇಂದು ಸಭೆಯೆಲ್ಲ ಎದ್ದು ನಿಂತು ಹಾಡುತ್ತಿರುವಾಗ ಪಾಸ್ಟರ್ ಬಟ್ಟೆ ಬಿಚ್ಚಿದರು. ಬೆಳ್ಳಿಯ ಕೊಕ್ಕೆಯ ಕೆಳಗೆ ಪರದೆ ಕಟ್ಟುವ ಮರದ ಸರಳು ನಿಂತಿತ್ತು. ಪರದೆಯ ಬಳೆಗಳು ಉಜ್ಜಿ ಉಜ್ಜಿ ಅದರ ಬಣ್ಣ ಅಲ್ಲಲ್ಲಿ ಹೋಗಿತ್ತು. ಹಾಡು ಅರ್ಧಕ್ಕೇ ನಿಂತಿತಂತೆ.

ದಂಡದ ಚರಿತ್ರೆಯನ್ನು ಹೇಳುವಾಗ ವಿಕಾಸ್ ಸೋನ್ಸರ ಎದೆ ತಾನಾಗಿ ಉಬ್ಬಿತು. ಬ್ರಿಟಿಷರ ಕಾಲದ ಆಂಗ್ಲಿಕನ್ ಧರ್ಮಪ್ರಾಂತ್ಯದಲ್ಲಿ ಒಬ್ಬರ ನಂತರ ಒಬ್ಬರು ಇಂಗ್ಲೆಂಡಿನಿಂದ ಬಂದ ಬಿಷಪ್ಪರು ಹಿಡಿದ ದಂಡ ಅದು. ಒಬ್ಬರು ಬಂದ ವರ್ಷವೇ ಕಾಲರಾಕ್ಕೆ ತುತ್ತಾದರು. ಇನ್ನೊಬ್ಬರು ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿ ಶಾಲೆಗಳನ್ನು ತೆರೆದರು. 1970ರಲ್ಲಿ ಬೇರೆ ಬೇರೆ ಕ್ರೈಸ್ತ ಸಭೆಗಳು ಸೇರಿ ಒಂದೇ ಚರ್ಚಾದಾಗ ಹಳೆಯ ಧರ್ಮಪ್ರಾಂತ್ಯ ಅಲ್ಲಿಗೆ ಮುಗಿಯಿತು. ಅದರ ಕೊನೆಯ ಬಿಷಪ್ ದೊಡ್ಡ ದೊಡ್ಡ ಚರ್ಚುಗಳನ್ನೆಲ್ಲ ಬಿಟ್ಟು ಈ ದಂಡವನ್ನು ಕಲ್ಯಾಣದಲ್ಲೇ ಇಟ್ಟು ಹೋದರು.

"ಇಲ್ಲೇ ಯಾಕೆ?" ಜಯಲತಾ ಕೇಳಿದಳು.

ವಿಕಾಸ್‌ಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಮುಂದಿನ ತಿಂಗಳು ಮುಂಬಯಿಯ ಪ್ರದರ್ಶನಕ್ಕೆ ದಂಡ ಹೋಗಬೇಕಿತ್ತು. ಪ್ರದರ್ಶನದವರು ಬಂದು ನೋಡಿ, ಕೋಲು ಅಸಲಿಯಲ್ಲ, ಯಾವುದೋ ನಾಡುಮರ, ತೆಗೆದು ಇಂಗ್ಲೆಂಡಿನ ಓಕ್ ಮರದ್ದನ್ನು ಕೂರಿಸೋಣ ಎಂದಿದ್ದರು. ಕಮಿಟಿ ಒಪ್ಪಿತ್ತು.

ಅಂದರೆ ಕಳ್ಳರು ಎಸೆಯಬೇಕಿದ್ದ ವಸ್ತುವನ್ನೇ ಹುಡುಕಿ ಕದ್ದಿದ್ದಾರೆ. ಹಳೆಯ ಕೋಲಿನ ಬಗ್ಗೆ ಆ ಕಮಿಟಿ ಸಭೆಯಲ್ಲಿ ಯಾರಾದರೂ ವಿಚಾರಿಸಿದ್ದರೇ ಎಂದು ಜಯಲತಾ ಕೇಳಿದಳು.

"ನಳಿನಾಕ್ಷಿ ಆಂಟಿ ಕೇಳಿದ್ರು, ಅದನ್ನು ಎಂತ ಮಾಡ್ತೀರಿ ಅಂತ. ಒಲೆಗೆ ಹಾಕುವ ಅಂದೆ ನಾನು, ತಮಾಷೆಗೆ."

"ಅವರು?"

"ಎದ್ದು ಹೋದ್ರು."

ನಳಿನಾಕ್ಷಿ ಕರ್ಕಡ ರೈಲ್ವೆ ಕಚೇರಿಯಿಂದ ನಿವೃತ್ತರಾದವರು, ವಾಸ ದಿವಾದಲ್ಲಿ, ಒಬ್ಬರೇ. ಚರ್ಚಿನ ಹೂವಿನ ಅಲಂಕಾರ ಅವರದೇ ಆದ್ದರಿಂದ ಒಂದು ಕೀಲಿಯೂ ಅವರ ಬಳಿ ಇತ್ತು. ಜಯಲತಾ ನೇರಳೆ ಬಟ್ಟೆಯನ್ನು ತರಿಸಿಕೊಂಡಳು. ಎರಡು ವಾರದ ಹಿಂದೆ ಅದನ್ನು ರಿಬ್ಬನ್ನಿನಿಂದ ಕಟ್ಟಿದ್ದೆ ಎಂದು ಪಾಸ್ಟರ್ ಹೇಳಿದರು. ಈಗ ಅದಕ್ಕೆ ಅಂಟಿಕೊಂಡಿದ್ದದ್ದು ಒಣಗಿದ ಬಾಳೆನಾರು. ಊರಿನಿಂದ, ಉಡುಪಿಯ ಕಡೆಯಿಂದ, ಬರುವ ಮಲ್ಲಿಗೆಯ ಮಾಲೆಗಳನ್ನು ಅಟ್ಟೆಯಾಗಿ ಕಟ್ಟುವುದು ಇದೇ ನಾರಿನಿಂದ. ಡೊಂಬಿವಲಿಯಲ್ಲಿ ಜಯಲತಾಳ ತಾಯಿ ವೇದಾವತಿಯೂ ಹೂವು ಮುಗಿದ ಮೇಲೆ ನಾರನ್ನು ಎಸೆಯದೆ ಕೊತ್ತಂಬರಿ ಕಟ್ಟಿಗೋ ಹಪ್ಪಳದ ಪೊಟ್ಟಣಕ್ಕೋ ಸುತ್ತುತ್ತಾರೆ. ಬಿಚ್ಚುವಾಗ ರಿಬ್ಬನ್ ಹರಿದಿರಬೇಕು, ಕದ್ದವರ ಕೈ ತನ್ನ ಅಭ್ಯಾಸದಂತೆ ಚೀಲದಲ್ಲಿದ್ದ ನಾರನ್ನು ತೆಗೆದು ಬಿಗಿದಿದೆ.

ಮಧ್ಯಾಹ್ನ 3.30ಕ್ಕೆ ಇಬ್ಬರು ಪೊಲೀಸರು, ಸೊತ್ತು ಗುರುತಿಸಲು ವಿಕಾಸ್ ಮತ್ತು ಇಬ್ಬರು ಪಂಚರು ಲೋಕಲ್ ಹಿಡಿದು ದಿವಾಕ್ಕೆ ಹೋದರು. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆರೆದ ನಳಿನಾಕ್ಷಿಯವರ ಮುಖದಲ್ಲಿ ಗಾಬರಿಯಿರಲಿಲ್ಲ. ಕುಳಿತುಕೊಳ್ಳಲು ಹೇಳಿ ನೀರು ತಂದರು. ಮುಕ್ತಾ ನೀರು ಕುಡಿಯುತ್ತ ಕಿಟಕಿಯತ್ತ ನೋಡಿ ಜಯಲತಾಳ ಮೊಣಕೈ ಮುಟ್ಟಿದಳು. ಪರದೆ ನೇತಾಡುತ್ತಿದ್ದ ಕೋಲು ಕಿಟಕಿಗಿಂತ ಎರಡು ಮೊಳ ಉದ್ದವಿತ್ತು. ಹಳದಿ ಮರ, ಎಣ್ಣೆ ಕುಡಿದು ಹೊಳೆಯುತ್ತಿತ್ತು.

"ಅದು ಯಾವ ಮರ ಅಮ್ಮ?"

"ಹಲಸು."

"ಚರ್ಚಿನದ್ದಾ?"

"ನನ್ನ ಅಪ್ಪನದ್ದು."

ಆಮೇಲೆ ಅವರು ಅವಸರವಿಲ್ಲದೆ ಎಲ್ಲ ಹೇಳಿದರು. ಕೊನೆಯ ಬಿಷಪ್ಪರು ಕಲ್ಯಾಣಕ್ಕೆ ಬಂದಿದ್ದಾಗ ಇಂಗ್ಲೆಂಡಿನ ಕೋಲು ರೈಲಿನ ಬಾಗಿಲಿಗೆ ಸಿಕ್ಕಿ ಮುರಿದಿತ್ತು. ತಂದೆ ಮುಂಡಪ್ಪ ಕರ್ಕಡ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಗಿ. ಮಣೆ ಮಾಡಲೆಂದು ಉಡುಪಿಯಿಂದ ತಂದಿಟ್ಟಿದ್ದ ಹಲಸಿನ ಮರದಿಂದ ಹೊಸ ಕೋಲು ಕಡೆದು, ಕಾಣದಂತೆ ಹಿತ್ತಾಳೆಯ ಮೊಳೆ ಹೊಡೆದು ಬೆಳ್ಳಿಗೆ ಕೂರಿಸಿದರು. ಬಿಷಪ್ಪರು ಅದನ್ನೇ ಹಿಡಿದು ಉಳಿದ ದಿನ ಕಳೆದರು. ಊರಿಗೆ ಹೊರಡುವಾಗ, ಇದರ ಮರ ಇಲ್ಲಿಯ ಜನರದ್ದು, ಇದು ಇಲ್ಲೇ ಇರಲಿ ಎಂದು ಬಿಟ್ಟುಹೋದರು. ನಳಿನಾಕ್ಷಿ ಆಗ ಹನ್ನೊಂದು ವರ್ಷದವರು, ಅಪ್ಪನ ಪಕ್ಕ ನಿಂತು ಕೇಳಿಸಿಕೊಂಡಿದ್ದರು.

ವಿಕಾಸ್ ಸೋನ್ಸ್ ಟೈ ಸಡಿಲಿಸಿಕೊಂಡು ನೆಲ ನೋಡಿದರು. ದಂಡ ಕಲ್ಯಾಣಕ್ಕೆ ದಕ್ಕಿದ್ದು ತಾವು ಒಲೆಗೆ ಹಾಕಲು ಹೊರಟ ಆ ಕೋಲಿನಿಂದಲೇ.

"ಕಮಿಟಿಯಲ್ಲಿ ಇದನ್ನು ಯಾಕೆ ಹೇಳ್ಲಿಲ್ಲ?" ಜಯಲತಾ ಕೇಳಿದಳು.

"ಅಪ್ಪನ ಕೆಲಸ ಉಳಿಸಿ ಅಂತ ನಾನು ಇವರ ಹತ್ರ ಬೇಡ್ಬೇಕಾ? ಕೋಲು ಮಾಡಿದ್ದು ಯಾರು ಅಂತ ಇವರು ಕೇಳ್ಬೇಕಿತ್ತು. ಬೆಳ್ಳಿ ನನಗೆ ಬೇಡ, ಅದು ಅವರದ್ದು. ಇದು ನಮ್ಮದು."

ದೂರು ಹಿಂದಕ್ಕೆ ಪಡೆಯುತ್ತೇನೆ ಎಂದರು ವಿಕಾಸ್. ಅದು ಇನ್ನು ಕೋರ್ಟಿನ ವಿಷಯ ಎಂದಳು ಜಯಲತಾ. ಜಪ್ತಿ ಪಂಚನಾಮೆ ಬರೆಯುವಾಗ ವಸ್ತುವಿನ ವಿವರ ಏನೆಂದು ಹಾಕಲಿ ಎಂದು ಮುಕ್ತಾ ಕೇಳಿದಳು. ವಿಕಾಸ್ ತಾವೇ ಎದ್ದು ನಿಂತು ಹೇಳಿದರು: "ಬರೀರಿ. ಬಿಷಪ್ಪರ ದಂಡದ ಕೋಲು. ಮಾಡಿದವರು ಮುಂಡಪ್ಪ ಕರ್ಕಡ, ಕಲ್ಯಾಣ." ಅದನ್ನು ಓದಿ ಹೇಳುವಂತೆ ನಳಿನಾಕ್ಷಿ ಎರಡು ಸಲ ಕೇಳಿದರು.

ಸಂಜೆ 5.50ಕ್ಕೆ, ಸೂರ್ಯಾಸ್ತಕ್ಕೆ ಮುಂಚೆ, ಕಾರಣವನ್ನು ತಿಳಿಸಿ ಅವರನ್ನು ಬಂಧಿಸಲಾಯಿತು. ಅವರು ಹಬ್ಬದ ಸೀರೆ ಉಟ್ಟು ಬಂದರು. ಮೆಟ್ಟಿಲು ಇಕ್ಕಟ್ಟಾಗಿದ್ದರಿಂದ ಮುಕ್ತಾ ಮೊಹರು ಹಾಕಿದ ಕೋಲನ್ನು ನೆಟ್ಟಗೆ ಹಿಡಿದುಕೊಂಡೇ ಮುಂದೆ ಇಳಿದಳು, ಹಿಂದೆ ತಲೆಯೆತ್ತಿ ನಳಿನಾಕ್ಷಿ. ಕೋಲು ದಾಟಿ ಹೋಗುವಾಗ ವಿಕಾಸ್ ಗೋಡೆಗೆ ಸರಿದು, ಚರ್ಚಿನಲ್ಲಿ ಬಿಷಪ್ಪರ ಮೆರವಣಿಗೆಗೆ ಬಾಗುವಂತೆ ತಲೆಬಾಗಿದರು. ಆರೋಪಿಯ ಬಗ್ಗೆ ಹೆಮ್ಮೆ ಪಡಬಾರದೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ, ಜಯಲತಾ ಪಟ್ಟಳು.

ಮರುದಿನ ಜಾಮೀನು ಸಿಕ್ಕಿತು. ಕಳವಿಗೆ ಕಾರಣ ಏನೆಂದು ಮ್ಯಾಜಿಸ್ಟ್ರೇಟರು ಕೇಳಿದ್ದಕ್ಕೆ ನಳಿನಾಕ್ಷಿ ಕೊಟ್ಟ ಉತ್ತರ ಒಂದೇ ವಾಕ್ಯದ್ದು: "ಅಷ್ಟು ಜನ ಬಿಷಪ್ಪರ ಹೆಸರು ಎಲ್ಲರಿಗೂ ಗೊತ್ತುಂಟು ಸರ್, ನನ್ನ ಅಪ್ಪನದ್ದು ನನಗೊಬ್ಬಳಿಗೇ ಗೊತ್ತಿತ್ತು."